ಎಚ್‌ಆರ್ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಹಾಕುವವಳಿಗೆ ಅನುಭವಸ್ಥರ ಮಾತು

ಪ್ರಶ್ನೆ, ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆಯವಳು. ಮೆಕ್ಯಾನಿಕಲ್ ಬಿಇ ಮುಗಿಸಿ ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಮುಂದಿನ ವರ್ಷ ಎಚ್‌ಆರ್‌ನಲ್ಲಿ (ಮಾನವ ಸಂಪನ್ಮೂಲ) ಎಂಬಿಎ ಅಥವಾ ಎಂಎ ಸೇರಬೇಕು ಅಂತ ಆಸೆ. ಪ್ರವೇಶ ಪರೀಕ್ಷೆಗಳಲ್ಲಿ ಐಐಎಂಗಳ ಕ್ಯಾಟ್ ಬರೀಬೇಕಾ, ಎಕ್ಸ್‌ಎಟಿ ಬರೀಬೇಕಾ, ಇಲ್ಲೇ ನಮ್ಮ ರಾಜ್ಯದ ಪಿಜಿಸಿಇಟಿ ಸಾಕಾ ಗೊತ್ತಾಗುತ್ತಿಲ್ಲ. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿಯೂ ಎಚ್‌ಆರ್ ಆಗಬಹುದು ಎಂದು ಒಬ್ಬರು ಹೇಳಿದರು. ಮನೆಯಲ್ಲಿ ಎಲ್ಲರೂ "ಇಂಜಿನಿಯರಿಂಗ್ ಬಿಟ್ಟು ಯಾಕೆ?" ಎಂದು ಕೇಳುತ್ತಾರೆ. ಸಂದರ್ಶನದಲ್ಲೂ ಅದನ್ನೇ ಕೇಳುತ್ತಾರಂತೆ. ನನ್ನ ಹತ್ತಿರ ಇರುವ ಉತ್ತರ "ಜನರ ಜೊತೆ ಕೆಲಸ ಮಾಡೋದು ಇಷ್ಟ" ಅಷ್ಟೇ. ಈ ದಾರಿಯಲ್ಲಿ ಹೋದವರು ದಯವಿಟ್ಟು ಹೇಳಿ. ಅರ್ಜಿಯಲ್ಲಿ ಏನು ಬರೀಬೇಕು, ಎಲ್ಲಿಂದ ಶುರು ಮಾಡಬೇಕು?

ಉತ್ತರ, ಜೆಮ್‌ಶೆಡ್‌ಪುರದಲ್ಲಿ ಓದಿ ಈಗ ಬೆಂಗಳೂರಿನಲ್ಲಿ ಎಚ್‌ಆರ್ ಆಗಿರುವವರಿಂದ

ಮೊದಲು ಪರೀಕ್ಷೆಗಳ ವಿಷಯ ಮುಗಿಸಿಬಿಡುತ್ತೇನೆ. ಅದು ಸುಲಭದ ಭಾಗ.

ಎಚ್‌ಆರ್‌ಗೆ ಅಂತಲೇ ಬೇರೆ ಕೋರ್ಸ್ ಇರುವ ಜಾಗಗಳು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು. ಜೆಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ, ಮುಂಬೈನ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ), ಐಐಎಂ ರಾಂಚಿ, ಗುರುಗ್ರಾಮದ ಎಂಡಿಐ, ಪುಣೆಯ ಎಸ್‌ಸಿಎಂಎಚ್‌ಆರ್‌ಡಿ, ಭುವನೇಶ್ವರದ ಎಕ್ಸ್‌ಐಎಂ ಇವು ಎಲ್ಲರ ಬಾಯಲ್ಲಿ ಬರುವ ಹೆಸರು. ಎಕ್ಸ್‌ಎಲ್‌ಆರ್‌ಐಗೆ ಎಕ್ಸ್‌ಎಟಿ ಬೇಕು. ರಾಂಚಿ, ಎಂಡಿಐ ಎರಡಕ್ಕೂ ಕ್ಯಾಟ್. ಪುಣೆಯದಕ್ಕೆ ಸ್ನ್ಯಾಪ್. ಟಿಸ್ ಮೊದಲು ತನ್ನದೇ ಪರೀಕ್ಷೆ ಟಿಸ್‌ನೆಟ್ ನಡೆಸುತ್ತಿತ್ತು, ಈಗ ಅದು ಇಲ್ಲ. ಅಲ್ಲಿನ ಎಚ್‌ಆರ್ ಕೋರ್ಸಿಗೆ ಕ್ಯಾಟ್ ಅಂಕ ನೋಡುತ್ತಾರೆ. ಹಳೆಯ ಟಿಸ್‌ನೆಟ್ ಪುಸ್ತಕ ಯಾರಾದರೂ ಕೊಟ್ಟರೆ ಜನರಲ್ ನಾಲೆಡ್ಜಿಗೆ ಮಾತ್ರ ಇಟ್ಟುಕೊಳ್ಳಿ.

ಕ್ಯಾಟ್ ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ. ಅರ್ಜಿ ಆಗಸ್ಟ್‌ನಲ್ಲೇ ತೆರೆಯುತ್ತದೆ, ಸೆಪ್ಟೆಂಬರ್‌ನಲ್ಲಿ ಮುಚ್ಚುತ್ತದೆ. ಸ್ನ್ಯಾಪ್ ಡಿಸೆಂಬರ್. ಎಕ್ಸ್‌ಎಟಿ ಜನವರಿ ಮೊದಲ ವಾರ. ಒಂದೇ ಓದಿನಲ್ಲಿ ಮೂರನ್ನೂ ಬರೆಯಬಹುದು, ಬರೆಯಿರಿ. ಆದರೆ ಪರೀಕ್ಷೆಗೆ ದುಡ್ಡು ಕಟ್ಟಿದರೆ ಕಾಲೇಜಿಗೆ ಅರ್ಜಿ ಹಾಕಿದಂತೆ ಆಗುವುದಿಲ್ಲ. ಎಕ್ಸ್‌ಎಲ್‌ಆರ್‌ಐಗೆ, ಟಿಸ್‌ಗೆ ಅರ್ಜಿ ಬೇರೆ, ಶುಲ್ಕ ಬೇರೆ, ಕೊನೆಯ ದಿನ ಬೇರೆ. ಕ್ಯಾಟ್ ಫಾರ್ಮ್ ಒಳಗೆ ಐಐಎಂ ರಾಂಚಿಯ ಎಚ್‌ಆರ್ ಕೋರ್ಸನ್ನು ಪ್ರತ್ಯೇಕವಾಗಿ ಟಿಕ್ ಮಾಡಬೇಕು. ಒಳ್ಳೆ ಅಂಕ ಬಂದೂ ಅರ್ಜಿಯೇ ಹಾಕಿರದವರನ್ನು ಪ್ರತಿ ವರ್ಷ ನೋಡುತ್ತೇನೆ. ಹೊಟ್ಟೆ ಉರಿಯುತ್ತದೆ.

ಎಕ್ಸ್‌ಎಟಿಯಲ್ಲಿ ಡಿಸಿಷನ್ ಮೇಕಿಂಗ್ ಎಂಬ ಭಾಗ ಇದೆ. ಕ್ಯಾಟ್‌ನಲ್ಲಿ ಅದು ಇಲ್ಲ. ಒಂದು ಸನ್ನಿವೇಶ ಕೊಡುತ್ತಾರೆ. ಹಳೆಯ ಫೋರ್‌ಮನ್ ಒಬ್ಬ ಸುರಕ್ಷತೆಯ ನಿಯಮ ಮುರಿದಿದ್ದಾನೆ, ಅವನನ್ನು ಕಂಡರೆ ಎಲ್ಲರಿಗೂ ಗೌರವ, ಆರ್ಡರ್ ಮುಗಿಸಲು ಅವನೇ ಬೇಕು, ಈಗ ನೀವೇನು ಮಾಡುತ್ತೀರಿ? ಈ ಥರ. ಕಾರ್ಖಾನೆಯಲ್ಲಿ ಕೆಲಸ ಮಾಡಿದ ನಿಮಗೆ ಇದು ಕಾಲೇಜಿನಿಂದ ನೇರ ಬಂದವರಿಗಿಂತ ಬೇಗ ಹಿಡಿಸುತ್ತದೆ. ಗಣಿತದ ಭಯ ಇದ್ದರೆ ಇನ್ನೊಂದು ಮಾತು. ಎಕ್ಸ್‌ಎಲ್‌ಆರ್‌ಐನಲ್ಲಿ ಎಚ್‌ಆರ್ ಕೋರ್ಸಿನ ಗಣಿತದ ಕಟ್‌ಆಫ್ ಅವರದೇ ಬಿಸಿನೆಸ್ ಮ್ಯಾನೇಜ್‌ಮೆಂಟ್ ಕೋರ್ಸಿಗಿಂತ ಕಡಿಮೆ ಇರುತ್ತದೆ, ಭಾಷೆಯ ಭಾಗದ್ದು ಜಾಸ್ತಿ. ದಿನಾ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದುವುದನ್ನು ಇವತ್ತೇ ಶುರು ಮಾಡಿ.

ಇನ್ನು ಕಷ್ಟದ ಭಾಗ. "ಜನರ ಜೊತೆ ಕೆಲಸ ಮಾಡೋದು ಇಷ್ಟ" ಎಂಬ ವಾಕ್ಯವನ್ನು ನಿಮ್ಮ ಅರ್ಜಿಯಿಂದ ತೆಗೆದುಹಾಕಿ. ಅದು ಸುಳ್ಳು ಅಂತ ಅಲ್ಲ. ಅರ್ಜಿ ಹಾಕುವ ಪ್ರತಿಯೊಬ್ಬರೂ ಅದನ್ನೇ ಬರೆಯುತ್ತಾರೆ. ಬಸ್ ಕಂಡಕ್ಟರಿಗೂ ಜನರ ಜೊತೆಯೇ ಕೆಲಸ, ಡಾಕ್ಟರಿಗೂ ಜನರ ಜೊತೆಯೇ ಕೆಲಸ. ಆಯ್ಕೆ ಮಾಡುವವರು ಹುಡುಕುವುದು ಬೇರೆ. ಕೆಲಸ, ಕೂಲಿ, ಪಾಳಿ, ರಜೆ, ಜಗಳ ಇವುಗಳನ್ನು ನೀವು ಕಣ್ಣು ಬಿಟ್ಟು ನೋಡಿದ್ದೀರಾ? ನೋಡಿದ್ದರೆ ಒಂದನ್ನು ಹೇಳಿ. ಒಂದು ಸಾಕು.

ನಾನು ಓದಿ ತಿದ್ದಿಕೊಟ್ಟ ಒಂದು ಅರ್ಜಿಯ ಕಥೆ ಹೇಳುತ್ತೇನೆ. ಆ ಹುಡುಗ ಒಂದು ಜೋಡಣಾ ಘಟಕದಲ್ಲಿ ಸೂಪರ್‌ವೈಸರ್ ಆಗಿದ್ದ. ಮೊದಲ ಪ್ರತಿಯಲ್ಲಿ ನಾಯಕತ್ವ, ತಂಡ, ಪ್ರೇರಣೆ ಎಲ್ಲ ಇತ್ತು, ಅವನು ಮಾತ್ರ ಎಲ್ಲೂ ಇರಲಿಲ್ಲ. ಮಾತಾಡುತ್ತಾ ಕೂತಾಗ ಹೇಳಿದ: ಎರಡನೇ ಪಾಳಿಗೆ ಹೆಣ್ಣುಮಕ್ಕಳು ಬರುವುದು ಇದ್ದಕ್ಕಿದ್ದ ಹಾಗೆ ಕಮ್ಮಿ ಆಯಿತು, ಮೇಲಿನವರು "ಶಿಸ್ತಿಲ್ಲ" ಎಂದು ಮೆಮೊ ಕೊಡಲು ಹೊರಟರು, ಇವನು ಹೋಗಿ ಕೇಳಿದ. ಕಂಪನಿ ಬಸ್ಸಿನ ರೂಟ್ ಬದಲಾಗಿತ್ತು. ರಾತ್ರಿ ಹನ್ನೊಂದಕ್ಕೆ ಹಳ್ಳಿಯೊಳಗೆ ಬಿಡುತ್ತಿದ್ದ ಬಸ್ಸು ಈಗ ಹೆದ್ದಾರಿಯ ಕ್ರಾಸಿನಲ್ಲಿ ಬಿಡುತ್ತಿತ್ತು. ಅಲ್ಲಿಂದ ಊರಿಗೆ ಕತ್ತಲಲ್ಲಿ ನಡೆಯಬೇಕು. ರೂಟ್ ಸರಿ ಮಾಡಿಸಿದ ಮೇಲೆ ಹಾಜರಿ ಸರಿಯಾಯಿತು. ಇಷ್ಟನ್ನು ಬರೆ, ಮಿಕ್ಕಿದ್ದೆಲ್ಲ ಹೊಡೆದುಹಾಕು ಅಂದೆ. ಸಂದರ್ಶನದ ಅರ್ಧ ಹೊತ್ತು ಆ ಬಸ್ಸಿನ ಬಗ್ಗೆಯೇ ಕೇಳಿದರಂತೆ. ಬಸ್ಸಿನ ಖರ್ಚು ಎಷ್ಟು ಜಾಸ್ತಿ ಆಯಿತು, ಗುತ್ತಿಗೆದಾರ ಒಪ್ಪಿದನಾ, ಗಂಡಸರು "ನಮಗೂ ಬೇಕು" ಅನ್ನಲಿಲ್ವಾ? ಎಲ್ಲಕ್ಕೂ ಅವನ ಹತ್ತಿರ ಉತ್ತರ ಇತ್ತು, ಯಾಕೆಂದರೆ ಅದು ನಡೆದದ್ದು.

ನಿಮ್ಮ ಕಾರ್ಖಾನೆಯಲ್ಲೂ ಇಂಥದ್ದು ಇದ್ದೇ ಇರುತ್ತದೆ. ಕ್ವಾಲಿಟಿಯಲ್ಲಿ ಇದ್ದೀರಿ ಅಲ್ವಾ? ರಿಜೆಕ್ಷನ್ ಯಾವ ಪಾಳಿಯಲ್ಲಿ ಜಾಸ್ತಿ? ಆ ಪಾಳಿಯಲ್ಲಿ ಯಾರು ಇರುತ್ತಾರೆ? ಹೊಸ ಗುತ್ತಿಗೆ ಹುಡುಗರಾ? ಅವರಿಗೆ ತರಬೇತಿ ಎಷ್ಟು ದಿನ ಕೊಟ್ಟರು? ಈ ಎಳೆ ಹಿಡಿದು ಹೋದರೆ "ಇಂಜಿನಿಯರಿಂಗ್ ಬಿಟ್ಟು ಯಾಕೆ" ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ. ಬಿಡುವ ಮಾತೇ ಬರುವುದಿಲ್ಲ, ಅದೇ ನಿಮ್ಮನ್ನು ಇಲ್ಲಿಗೆ ತಂದಿರುತ್ತದೆ.

ಇನ್ನೊಂದು ಕೆಲಸ. ನಿಮ್ಮ ಸಂಬಳದ ಚೀಟಿಯನ್ನು ಮುಂದಿಟ್ಟುಕೊಂಡು ಒಂದೊಂದು ಸಾಲಿಗೂ ಅರ್ಥ ಬರೆಯಿರಿ. ಬೇಸಿಕ್ ಮತ್ತು ಡಿಎ ಮೇಲೆ ಪಿಎಫ್ ಶೇ 12 ಯಾಕೆ ಹೋಗುತ್ತದೆ, ಮಾಲೀಕರು ಹಾಕುವ ಪಾಲಿನಲ್ಲಿ ಎಷ್ಟು ಪಿಂಚಣಿಗೆ ಹೋಗುತ್ತದೆ? ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ನಿಮಗೆ ಕಡಿತ ಆಗುತ್ತಿಲ್ಲ ಅಂದರೆ ಯಾಕೆ, ನಿಮ್ಮ ಪಕ್ಕದ ಹೆಲ್ಪರ್‌ಗೆ ಆಗುತ್ತದೆ ಅಂದರೆ ಯಾಕೆ? ಇಎಸ್‌ಐಗೆ ತಿಂಗಳಿಗೆ 21,000 ರೂಪಾಯಿ ಎಂಬ ಮಿತಿ ಇದೆ, ಕಾರ್ಮಿಕನ ಪಾಲು ಶೇ 0.75, ಮಾಲೀಕರದ್ದು ಶೇ 3.25. ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಿಗುವ ಗ್ರಾಚ್ಯುಟಿ ಲೆಕ್ಕದಲ್ಲಿ ಸಂಬಳವನ್ನು 30ರ ಬದಲು 26ರಿಂದ ಯಾಕೆ ಭಾಗಿಸುತ್ತಾರೆ? ತಿಂಗಳಲ್ಲಿ ನಾಲ್ಕು ಭಾನುವಾರ ಬಿಟ್ಟರೆ ಉಳಿಯುವುದು 26 ಕೆಲಸದ ದಿನ. ಒಂದು ಭಾನುವಾರ ಕೂತರೆ ಇದೆಲ್ಲ ಬರುತ್ತದೆ. ಎಚ್‌ಆರ್ ಓದಲು ಬಂದವರಿಗೆ ತಮ್ಮದೇ ಸಂಬಳದ ಚೀಟಿ ಓದಲು ಬಾರದಿದ್ದರೆ ಸಂದರ್ಶಕರಿಗೆ ನಿಜಕ್ಕೂ ಬೇಸರ ಆಗುತ್ತದೆ.

ಉತ್ತರ, ಮಂಗಳೂರಿನಲ್ಲಿ ಎಂಎಸ್‌ಡಬ್ಲ್ಯು ಮಾಡಿ ಗಾರ್ಮೆಂಟ್ಸ್‌ನಲ್ಲಿ ವೆಲ್ಫೇರ್ ಆಫೀಸರ್ ಆಗಿದ್ದವರಿಂದ

ಎಂಎಸ್‌ಡಬ್ಲ್ಯು ಬಗ್ಗೆ ಯಾರೂ ಬರೆಯುವುದಿಲ್ಲ ಅಂತ ಕಾಯುತ್ತಿದ್ದೆ, ನಾನೇ ಬರೆಯುತ್ತೇನೆ.

ಟಿಸ್ ಶುರುವಾದದ್ದೇ 1936ರಲ್ಲಿ ಸಮಾಜಕಾರ್ಯದ ಶಾಲೆಯಾಗಿ. ನಮ್ಮಲ್ಲಿ ಮಂಗಳೂರಿನ ರೋಶನಿ ನಿಲಯ 1960ರಿಂದ ಇದೆ. ಮೈಸೂರು, ಬೆಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲೂ ಎಂಎಸ್‌ಡಬ್ಲ್ಯು ಇದೆ. ಇದನ್ನು ಓದಿ ಕಾರ್ಖಾನೆಗೆ ಹೋಗುವುದು ಹಳೆಯ, ಗಟ್ಟಿಯಾದ ದಾರಿ. 1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ವೆಲ್ಫೇರ್ ಆಫೀಸರ್ ಇರಲೇಬೇಕಿತ್ತು. ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದನ್ನು 250ಕ್ಕೆ ಇಳಿಸಿದ್ದಾರೆ. ಅಂದರೆ ಕೆಲಸ ಇದೆ.

ಎಂಎಸ್‌ಡಬ್ಲ್ಯುನ ಜೀವಾಳ ಫೀಲ್ಡ್ ವರ್ಕ್. ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಹೊರಗೆ. ಕೊನೆಗೆ ಒಂದು ತಿಂಗಳಷ್ಟು ಬ್ಲಾಕ್ ಪ್ಲೇಸ್‌ಮೆಂಟ್, ಅಂದರೆ ಒಂದೇ ಕಡೆ ಬಿಡದೆ ಕೆಲಸ. ಪ್ರತಿ ಸಲವೂ ವರದಿ ಬರೆದು ಮೇಡಂ ಮುಂದೆ ಕೂರಬೇಕು. "ಆ ಹೆಂಗಸು ಅತ್ತಳು ಅಂತ ಬರೆದಿದ್ದೀಯ, ಯಾಕೆ ಅತ್ತಳು ಅಂತ ಕೇಳಿದೆಯಾ?" ಎಂದು ಕೆಂಪು ಪೆನ್ನಿನಲ್ಲಿ ಬರೆದು ವಾಪಸ್ ಕೊಡುತ್ತಿದ್ದರು. ಎಂಬಿಎಯಲ್ಲಿ ಇಂಟರ್ನ್‌ಶಿಪ್ ಇದೆ, ಆದರೆ ಎರಡು ವರ್ಷ ಬಿಡದೆ ಹೀಗೆ ಹೊರಗೆ ಕಳಿಸುವುದಿಲ್ಲ. ಪ್ರವೇಶದಲ್ಲೂ ಇದನ್ನೇ ನೋಡುತ್ತಾರೆ. ಎನ್‌ಎಸ್‌ಎಸ್ ಶಿಬಿರ, ಸ್ವಸಹಾಯ ಸಂಘದ ಲೆಕ್ಕ ಬರೆದದ್ದು, ಊರಿನ ಹಾಲಿನ ಡೇರಿಯ ಗಲಾಟೆ ಹತ್ತಿರದಿಂದ ಕಂಡದ್ದು, ಇದೆಲ್ಲ ಅರ್ಜಿಯಲ್ಲಿ ಬರಲಿ. ಸರ್ಟಿಫಿಕೇಟ್ ಇಲ್ಲದಿದ್ದರೂ ಪರವಾಗಿಲ್ಲ.

ಒಂದು ಘಟನೆಯನ್ನು ಚೆನ್ನಾಗಿ ಓದಿಕೊಂಡು ಹೋಗಿ ಅಂತ ಎಲ್ಲರಿಗೂ ಹೇಳುತ್ತೇನೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗೆ ಇಳಿದರು. ಹೊಸೂರು ರಸ್ತೆ, ತುಮಕೂರು ರಸ್ತೆ ಬಂದ್ ಆದವು. ಕಾರಣ ಪಿಎಫ್. ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಹೊಸ ನಿಯಮ ತಂದಿತ್ತು. ಯಾವ ದೊಡ್ಡ ಸಂಘವೂ ಕರೆ ಕೊಟ್ಟಿರಲಿಲ್ಲ, ಅವರೇ ಎದ್ದು ಬಂದರು. ಎರಡೇ ದಿನದಲ್ಲಿ ಸರ್ಕಾರ ನಿಯಮ ವಾಪಸ್ ಪಡೆಯಿತು.

ಕಚೇರಿಯಲ್ಲಿ ಕೂತವರಿಗೆ ಪಿಎಫ್ ಅಂದರೆ ಮುಪ್ಪಿನ ಹಣ. ನಮ್ಮ ಲೈನಿನ ಟೈಲರ್‌ಗಳಿಗೆ ಹಾಗಲ್ಲ. ಒಂದು ಕಾರ್ಖಾನೆ ಬಿಟ್ಟು ಇನ್ನೊಂದಕ್ಕೆ ಸೇರುವಾಗ ಆ ಹಣ ತೆಗೆದು ಮಗಳ ಶಾಲೆಯ ಫೀಸು ಕಟ್ಟುತ್ತಾರೆ, ಅಡವಿಟ್ಟ ಓಲೆ ಬಿಡಿಸುತ್ತಾರೆ, ಲೀಸ್ ಮನೆಯ ಮುಂಗಡ ಕೊಡುತ್ತಾರೆ. 58ರವರೆಗೆ ಹೊಲಿಗೆ ಮಿಷನ್ ಮುಂದೆ ಕೂರುವವರು ಎಷ್ಟು ಜನ? ಕಣ್ಣು, ಸೊಂಟ ಮೊದಲೇ ಕೈಕೊಡುತ್ತವೆ. ನಾನು ಕೆಲಸಕ್ಕೆ ಸೇರಿದ ಮೇಲೂ ಹಳೆಯ ಟೈಲರ್ ಅಕ್ಕಂದಿರು ಆ ದಿನಗಳ ಮಾತು ತೆಗೆಯುತ್ತಿದ್ದರು. "ನಮ್ಮ ದುಡ್ಡನ್ನ ನಾವು ಕೇಳಿದ್ವಿ ಮೇಡಂ, ಇನ್ನೇನಿಲ್ಲ" ಅಂತ. ಎಚ್‌ಆರ್ ಓದುವವರು ನೀತಿಯನ್ನೂ ಈ ಅಡವಿಟ್ಟ ಓಲೆಯನ್ನೂ ಒಟ್ಟಿಗೆ ನೋಡಲು ಕಲಿಯಬೇಕು ಎಂದು ನಾನು ನಂಬಿದ್ದೇನೆ.

ಸಂಬಳದ ಮಾತು ನೇರವಾಗಿ ಹೇಳಬೇಕು. ಎಂಎಸ್‌ಡಬ್ಲ್ಯು ಮುಗಿಸಿದವರ ಮೊದಲ ಸಂಬಳ ಎಕ್ಸ್‌ಎಲ್‌ಆರ್‌ಐನವರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಫೀಸೂ ಹಾಗೆಯೇ. ಅಲ್ಲಿ ಎರಡು ವರ್ಷಕ್ಕೆ 25 ಲಕ್ಷ ದಾಟುತ್ತದೆ, ಸರ್ಕಾರಿ ವಿಶ್ವವಿದ್ಯಾಲಯದ ಎಂಎಸ್‌ಡಬ್ಲ್ಯುಗೆ ಅದರ ಸಣ್ಣ ಚೂರೂ ಆಗುವುದಿಲ್ಲ. ನಿಮಗೆ ಕಾರ್ಖಾನೆ, ಕಾರ್ಮಿಕ ಕಾನೂನು, ಯೂನಿಯನ್ ಮಾತುಕತೆ ಇಷ್ಟ ಇದ್ದರೆ ಎಂಎಸ್‌ಡಬ್ಲ್ಯು ಕಡೆ ಖಂಡಿತ ನೋಡಿ. ಐಟಿ ಕಂಪನಿ, ಸಂಬಳದ ರಚನೆ, ದೊಡ್ಡ ಮಟ್ಟದ ನೇಮಕಾತಿ ಕಡೆ ಮನಸ್ಸಿದ್ದರೆ ಎಂಬಿಎ ಮಾಡಿ.

ಪಿಜಿಸಿಇಟಿ ಕೇಳಿದ್ದೀರಿ. ಅದನ್ನು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುತ್ತದೆ. ಅದರ ಮೂಲಕ ಸಿಗುವ ಎಂಬಿಎಯಲ್ಲಿ ಸಾಮಾನ್ಯವಾಗಿ ಮೊದಲ ವರ್ಷ ಎಲ್ಲ ವಿಷಯ ಓದಿ ಎರಡನೇ ವರ್ಷ ಎಚ್‌ಆರ್ ಆರಿಸಿಕೊಳ್ಳಬೇಕು. ಸೇರುವ ಮೊದಲು ಆ ಕಾಲೇಜಿನಲ್ಲಿ ಹೋದ ವರ್ಷ ಎಚ್‌ಆರ್ ಆರಿಸಿದವರು ಎಷ್ಟು ಜನ, ಪಾಠ ಮಾಡುವವರು ಯಾರು ಅಂತ ಹೋಗಿ ಕೇಳಿ. ಕೆಲವು ಕಡೆ ಬ್ರೋಷರಿನಲ್ಲಿ ಎಚ್‌ಆರ್ ಇರುತ್ತದೆ, ಕ್ಲಾಸಿನಲ್ಲಿ ಇರುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ತುಂಬಾ ಧನ್ಯವಾದ. ಸಂಬಳದ ಚೀಟಿ ತೆಗೆದು ಕೂತಿದ್ದೇನೆ. ಇನ್ನೆರಡು ಪ್ರಶ್ನೆ. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಬರೆಯುವುದು ಪರವಾಗಿಲ್ಲ, ಆದರೆ ಇಂಗ್ಲಿಷಿನಲ್ಲಿ ಮಾತಾಡುವಾಗ ತಡವರಿಸುತ್ತೇನೆ. ಇದು ದೊಡ್ಡ ಅಡ್ಡಿ ಆಗುತ್ತದಾ? ಮತ್ತೆ ನಮ್ಮದು 2ಎ. ಅದು ಟಿಸ್, ಐಐಎಂ ಕಡೆ ನಡೆಯುತ್ತದಾ?

ಉತ್ತರ, ಹುಬ್ಬಳ್ಳಿಯವರು, ಕನ್ನಡ ಮಾಧ್ಯಮದಿಂದ ಬಂದು ಪುಣೆಯಲ್ಲಿ ಓದಿದವರು

ಕನ್ನಡ ಮಾಧ್ಯಮ ಅಡ್ಡಿ ಅಲ್ಲ. ತಯಾರಿ ಇಲ್ಲದಿರುವುದು ಅಡ್ಡಿ.

ಹೇಳಬೇಕಾದ ಘಟನೆಯನ್ನು ಮೊದಲು ಕನ್ನಡದಲ್ಲಿ ನಿಮ್ಮ ಅಮ್ಮನಿಗೋ ತಂಗಿಗೋ ಹೇಳಿ. ಅವರಿಗೆ ಅರ್ಥ ಆಗದ ಜಾಗ ಸಿಗುತ್ತದೆ. ಅಲ್ಲಿ ನಿಮಗೇ ಸ್ಪಷ್ಟ ಇಲ್ಲ ಅಂತ ಲೆಕ್ಕ. ಅದನ್ನು ಸರಿ ಮಾಡಿ. ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಫೋನಿಗೆ ಹೇಳಿ ರೆಕಾರ್ಡ್ ಮಾಡಿ ಕೇಳಿ. ಬಾಯಿಪಾಠ ಬೇಡ. ಬಾಯಿಪಾಠ ಮಾಡಿದವರನ್ನು ಮಧ್ಯೆ ಒಂದು ಪ್ರಶ್ನೆ ಕೇಳಿ ನಿಲ್ಲಿಸಿದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ, ಅದು ಎದುರಿನವರಿಗೆ ತಕ್ಷಣ ಗೊತ್ತಾಗುತ್ತದೆ. ಗುಂಪು ಚರ್ಚೆಯಲ್ಲಿ ಗಂಟಲು ದೊಡ್ಡದು ಮಾಡುವವರನ್ನು ನೋಡಿ ಹೆದರಬೇಡಿ. ಎರಡು ಸಲ ಮಾತಾಡಿ, ಎರಡು ಸಲವೂ ಹೊಸ ವಿಷಯ ತನ್ನಿ. ಸಾಕು.

ಮತ್ತೆ ಇದನ್ನು ಬಲವಾಗಿಯೇ ಹೇಳಿಕೊಳ್ಳಿ: ಬಿಡದಿ, ನರಸಾಪುರ, ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ನಂಜನಗೂಡು, ಎಲ್ಲ ಕಡೆ ಕಾರ್ಖಾನೆಯ ಎಚ್‌ಆರ್‌ಗೆ ಕನ್ನಡ ಬೇಕೇ ಬೇಕು. ಶಾಪ್ ಫ್ಲೋರಿನಲ್ಲಿ ರಾತ್ರಿ ಪಾಳಿಯವರು ಸಿಟ್ಟಿನಲ್ಲಿ ನಿಂತಾಗ ಅವರ ಮಾತಿನಲ್ಲೇ ಮಾತಾಡಿ ಕೂರಿಸುವವರು ಬೇಕು. 2020ರ ಡಿಸೆಂಬರ್‌ನಲ್ಲಿ ನರಸಾಪುರದ ವಿಸ್ಟ್ರಾನ್ ಘಟಕದಲ್ಲಿ ದೊಂಬಿ ಆಯಿತಲ್ಲ, ಸಂಬಳ ಮತ್ತು ಓವರ್‌ಟೈಮ್ ಸರಿಯಾಗಿ ಬರುತ್ತಿಲ್ಲ ಎಂಬ ದೂರಿನಿಂದ ಶುರುವಾದದ್ದು ಅದು. ಅಲ್ಲಿದ್ದವರಲ್ಲಿ ಬಹಳ ಜನ ಗುತ್ತಿಗೆ ಕಾರ್ಮಿಕರು. ಅದೇ ವರ್ಷ ಬಿಡದಿಯ ಟೊಯೊಟಾದಲ್ಲಿ ಲಾಕೌಟ್ ಆಗಿತ್ತು. ಈ ಎರಡನ್ನೂ ಕನ್ನಡ ಪತ್ರಿಕೆಗಳಲ್ಲಿ ಓದಿರುವವರಿಗೆ, ಇಂಗ್ಲಿಷ್ ವರದಿ ಮಾತ್ರ ಓದಿದವರಿಗಿಂತ ಜಾಸ್ತಿ ಗೊತ್ತಿರುತ್ತದೆ. ಹಳೆಯ ಸಂಚಿಕೆ ಹುಡುಕಿ ಓದಿ.

ಉತ್ತರ, ಸಾರ್ವಜನಿಕ ಉದ್ದಿಮೆಯಿಂದ ನಿವೃತ್ತರಾದವರು, ಪ್ರವೇಶ ಸಂದರ್ಶನಗಳಲ್ಲಿ ಕೂತವರು

ನೋಡಮ್ಮ, ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ 1980-81ರ ದೊಡ್ಡ ಮುಷ್ಕರ ಆಗಷ್ಟೇ ಮುಗಿದಿತ್ತು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ ಎಲ್ಲ ಕಡೆ ಅದರದೇ ಮಾತು. ಆಗಿನ ಹಿರಿಯರು ನಮಗೆ ಕಲಿಸಿದ್ದು ಒಂದು: ಯೂನಿಯನ್ ಮುಖಂಡ ಬಾಗಿಲು ತಳ್ಳಿಕೊಂಡು ಒಳಗೆ ಬಂದರೆ ಮೊದಲು ಕೂರಲು ಹೇಳು, ನೀರು ಕೊಡು, ಅವನು ಮುಗಿಸುವವರೆಗೆ ಬಾಯಿ ಬಿಡಬೇಡ. ಸಂದರ್ಶನದಲ್ಲಿ ನಾನು ನೋಡುವುದೂ ಇದನ್ನೇ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಶುರು ಮಾಡುವ ಮಕ್ಕಳು ಬಹಳ.

ಕಾನೂನಿನ ಪ್ರಶ್ನೆ ಕೇಳುತ್ತೇವೆ, ಸೆಕ್ಷನ್ ನಂಬರ್ ಬೇಕಿಲ್ಲ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ 29 ಕಾಯ್ದೆಗಳು ಅದರೊಳಗೆ ಸೇರಿವೆ. ನಿಶ್ಚಿತ ಅವಧಿಗೆ ನೇಮಕವಾದವರಿಗೆ ಐದು ವರ್ಷದ ಬದಲು ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಬರುತ್ತದೆ. ಕಾರ್ಖಾನೆ ಮುಚ್ಚಲು, ಕಾರ್ಮಿಕರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕಾದ ಮಿತಿ 100ರಿಂದ 300 ಕಾರ್ಮಿಕರಿಗೆ ಏರಿದೆ. ಇವೆರಡನ್ನು ಪಕ್ಕಪಕ್ಕದಲ್ಲಿ ಇಟ್ಟು ಯೋಚನೆ ಮಾಡಿ. ಒಂದರಲ್ಲಿ ಕಾರ್ಮಿಕನಿಗೆ ಸಿಕ್ಕಿತು. ಇನ್ನೊಂದರಲ್ಲಿ ಏನಾಯಿತು? 280 ಜನರಿರುವ ಪೀಣ್ಯದ ಕಾರ್ಖಾನೆಯ ಮಾಲೀಕ ಏನನ್ನುತ್ತಾನೆ, ಅಲ್ಲಿನ ಫಿಟ್ಟರ್ ಏನನ್ನುತ್ತಾನೆ? ಇಬ್ಬರ ಮಾತನ್ನೂ ಅವರವರ ಬಾಯಲ್ಲಿ ಹೇಳಬಲ್ಲ ಅಭ್ಯರ್ಥಿಗೆ ನಾನು ಅಂಕ ಕೊಡುತ್ತೇನೆ. ಆಮೇಲೆ ನಿಮ್ಮ ಅಭಿಪ್ರಾಯ ಹೇಳಿ. ಅಭಿಪ್ರಾಯ ಇಲ್ಲದವರನ್ನೂ ನಾವು ತೆಗೆದುಕೊಳ್ಳುವುದಿಲ್ಲ.

ನಮ್ಮ ರಾಜ್ಯದ ವಿಷಯಗಳೂ ಬರುತ್ತವೆ. ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ 2024ರ ಮಸೂದೆಯನ್ನು ಸಂಪುಟ ಒಪ್ಪಿದ ಕೆಲವೇ ದಿನದಲ್ಲಿ ಯಾಕೆ ತಡೆಹಿಡಿದರು? 2025ರ ಅಕ್ಟೋಬರ್‌ನಲ್ಲಿ ಸಂಪುಟ ಒಪ್ಪಿದ ತಿಂಗಳಿಗೊಂದು ದಿನದ ಮುಟ್ಟಿನ ರಜೆಯಿಂದ ಹೆಣ್ಣುಮಕ್ಕಳ ನೇಮಕಾತಿಗೆ ಅನುಕೂಲವಾ, ತೊಂದರೆಯಾ? ಊರಿನಿಂದ ಬಂದವಳು, ಕಾರ್ಖಾನೆಯಲ್ಲಿ ಕೆಲಸ ಮಾಡುವವಳು ಎಂದು ಅರ್ಜಿಯಲ್ಲಿ ಇದ್ದರೆ ಇವು ನಿಮ್ಮ ಕಡೆಗೇ ಬರುತ್ತವೆ.

ಸರ್ಕಾರಿ ಉದ್ದಿಮೆಗಳ ಕೆಲಸದ ಆಸೆ ಇದ್ದರೆ ಒಂದು ಎಚ್ಚರ. ಕೆಲವು ಉದ್ದಿಮೆಗಳು ಎಚ್‌ಆರ್ ಅಧಿಕಾರಿಗಳನ್ನು ಯುಜಿಸಿ ನೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಅಂಕದ ಮೇಲೆ ಕರೆಯುತ್ತವೆ. ಆ ವಿಷಯದ ಕೋಡ್ 55, ಕಾರ್ಮಿಕ ಕಲ್ಯಾಣ ಮತ್ತು ಮಾನವ ಸಂಪನ್ಮೂಲ. ಎಚ್‌ಆರ್ ಮುಖ್ಯ ವಿಷಯವಾಗಿ ಓದಿದ್ದಾರೆ ಎಂದು ಅಂಕಪಟ್ಟಿಯಲ್ಲೋ ಪ್ರಮಾಣಪತ್ರದಲ್ಲೋ ಕಾಣಬೇಕು ಎಂದು ಕೇಳುತ್ತಾರೆ. ಎರಡು ವಿಷಯ ಅರ್ಧರ್ಧ ಓದುವ ಎಂಬಿಎ ಸೇರುವ ಮೊದಲು ಅಲ್ಲಿ ಅಂಕಪಟ್ಟಿ ಹೇಗೆ ಬರುತ್ತದೆ ಎಂದು ಹಳೆಯ ವಿದ್ಯಾರ್ಥಿಯದ್ದು ಒಂದನ್ನು ಕೇಳಿ ನೋಡಿ.

ಉತ್ತರ, ಅಮೆರಿಕದಲ್ಲಿ ಎಚ್‌ಆರ್ ಓದಿದವರು

ಹೊರದೇಶದ ಬಗ್ಗೆ ಕೇಳಿಲ್ಲ, ಆದರೂ ಓದುವವರಿಗೆ ಬೇಕಾಗಬಹುದು. ಇಲ್ಲಿ ಕಾರ್ನೆಲ್‌ನ ಐಎಲ್‌ಆರ್ ಶಾಲೆ, ಇಲಿನಾಯ್, ಮಿನ್ನೆಸೋಟ, ಮಿಷಿಗನ್ ಸ್ಟೇಟ್, ರಟ್ಗರ್ಸ್ ಇವು ಎಚ್‌ಆರ್ ಮತ್ತು ಕಾರ್ಮಿಕ ಸಂಬಂಧಕ್ಕೆ ಹೆಸರಾದ ಜಾಗಗಳು. ಅರ್ಜಿ ಹಾಕುವ ಮೊದಲು ಒಂದನ್ನು ಖಚಿತ ಮಾಡಿಕೊಳ್ಳಿ: ಆ ಕೋರ್ಸು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿ ಇದೆಯಾ? ಇಲ್ಲದಿದ್ದರೆ ಓದು ಮುಗಿದ ಮೇಲೆ ಕೆಲಸಕ್ಕೆ 12 ತಿಂಗಳು ಮಾತ್ರ. ಇದ್ದರೆ ಮೇಲೆ 24 ತಿಂಗಳು ಸಿಗುತ್ತದೆ. ಸಾಲ ಮಾಡಿ ಬರುವವರಿಗೆ ಇದೇ ದೊಡ್ಡ ವ್ಯತ್ಯಾಸ. ಶಿಫಾರಸು ಪತ್ರವನ್ನು ನಿಮ್ಮ ಕೆಲಸ ದಿನಾ ಕಂಡ ಶಿಫ್ಟ್ ಇನ್‌ಚಾರ್ಜ್ ಬರೆಯಲಿ. ನಿಮ್ಮ ಹೆಸರೇ ನೆನಪಿಲ್ಲದ ಪ್ರಿನ್ಸಿಪಾಲರ ಪತ್ರದಿಂದ ಪ್ರಯೋಜನ ಇಲ್ಲ.

ಉತ್ತರ, ತಂಗಿಯನ್ನು ಟಿಸ್‌ಗೆ ಸೇರಿಸಿದ ಅಣ್ಣ, ಚಿತ್ರದುರ್ಗ

2ಎ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಹೇಳುತ್ತೇನೆ. ಈ ವಿಷಯದಲ್ಲಿ ನಮ್ಮ ಕಡೆಯ ಮಕ್ಕಳು ಸೀಟು ಕಳೆದುಕೊಳ್ಳುತ್ತಾರೆ.

2ಎ, 2ಬಿ, 3ಎ, 3ಬಿ ಇವು ಕರ್ನಾಟಕದ ವರ್ಗಗಳು. ಪಿಜಿಸಿಇಟಿಗೆ, ನಮ್ಮ ವಿಶ್ವವಿದ್ಯಾಲಯಗಳಿಗೆ ನಡೆಯುತ್ತವೆ. ಟಿಸ್, ಐಐಎಂಗಳಿಗೆ ನಡೆಯುವುದಿಲ್ಲ. ಅಲ್ಲಿಗೆ ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ ಬೇಕು, ಅದರಲ್ಲಿ ಕೆನೆಪದರಕ್ಕೆ ಸೇರಿಲ್ಲ ಅಂತ ಬರೆದಿರಬೇಕು. ಮೊದಲು ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯಾ ನೋಡಿ. ರಾಜ್ಯದ ಪಟ್ಟಿಯಲ್ಲಿ ಇರುವ ಎಲ್ಲ ಜಾತಿಗಳೂ ಅಲ್ಲಿ ಇಲ್ಲ. ಹೆಸರಿನ ಕಾಗುಣಿತವೂ ಪಟ್ಟಿಯಲ್ಲಿ ಇದ್ದಂತೆಯೇ ಬರಬೇಕು.

ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ "ಕೇಂದ್ರ ಸರ್ಕಾರದ ಉದ್ದೇಶಕ್ಕೆ ಒಬಿಸಿ" ಎಂದು ಬಾಯಿಬಿಟ್ಟು ಹೇಳಿ. ಸುಮ್ನೆ "ಜಾತಿ ಆದಾಯ" ಅಂದರೆ ರಾಜ್ಯದ ನಮೂನೆಯದ್ದನ್ನೇ ಕೊಟ್ಟು ಕಳಿಸುತ್ತಾರೆ. ಹಳೆಯ ಪ್ರಮಾಣಪತ್ರವನ್ನು ಒಪ್ಪುವುದಿಲ್ಲ, ಯಾವ ದಿನಾಂಕದ ಮೇಲಿನದು ಬೇಕು ಎಂದು ಪ್ರವೇಶದ ಸೂಚನೆಯಲ್ಲಿ ಕೊಟ್ಟಿರುತ್ತಾರೆ, ಅದನ್ನು ನೋಡಿಯೇ ಮಾಡಿಸಿ. ಸಂದರ್ಶನದ ಕರೆ ಬಂದ ಮೇಲೆ ಓಡಾಡಿದರೆ ಗ್ರಾಮ ಆಡಳಿತ ಅಧಿಕಾರಿ ಸಿಗುವುದಿಲ್ಲ, ಸರ್ವರ್ ಡೌನ್ ಇರುತ್ತದೆ, ದಿನ ಹೋಗುತ್ತದೆ. ತಂಗಿಯದ್ದನ್ನು ನಾವು ಕ್ಯಾಟ್‌ಗೆ ಮೊದಲೇ ಮಾಡಿಸಿ ಇಟ್ಟಿದ್ದೆವು.

ಸಾಲದ ವಿಷಯ: 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನ, ಜಾಮೀನು ಎರಡೂ ಇಲ್ಲದೆ ಸಾಲ ಕೊಡಬೇಕು. ಮನೆಯ ವರ್ಷದ ಆದಾಯ 8 ಲಕ್ಷದೊಳಗೆ ಇದ್ದರೆ, ಬೇರೆ ವಿದ್ಯಾರ್ಥಿವೇತನ ಇಲ್ಲದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿಗೂ ಕೇಳಬಹುದು. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿ ಇದೆಯಾ ನೋಡಿಕೊಂಡು ಬ್ಯಾಂಕಿಗೆ ಹೋಗಿ. ಊರಿನ ಸಣ್ಣ ಶಾಖೆಯವರು "ನಮಗೆ ಗೊತ್ತಿಲ್ಲ" ಅಂದರೆ ವಾದ ಮಾಡಬೇಡಿ, ಪೋರ್ಟಲ್‌ನಲ್ಲೇ ಅರ್ಜಿ ಹಾಕಿ ನಂಬರ್ ತೆಗೆದುಕೊಂಡು ಹೋಗಿ ತೋರಿಸಿ.

ಕೊನೆಗೆ ಒಂದು. ಕ್ಯಾಟ್ ಅರ್ಜಿ ತುಂಬುವ ದಿನ ಯಾವ ವರ್ಗ ಅಂತ ಒತ್ತುತ್ತೀರೋ ಅದನ್ನು ಆಮೇಲೆ ಬದಲಿಸಲು ಬಿಡುವುದಿಲ್ಲ. ಕೇಂದ್ರದ ಪಟ್ಟಿಯನ್ನು ನೋಡಿದ ಮೇಲೆಯೇ ಅರ್ಜಿ ತೆರೆಯಿರಿ.